ಜಗುಲಿಗೆ ಬಂದ ಹೆಜ್ಜೆ ಯಾರದು? ಮನೆಯೊಂದರ ಪ್ರಕರಣ ಅಧ್ಯಯನ

ಈ ಪ್ರಕರಣ ಶುರುವಾದದ್ದು ಅಡಿಕೆ ವ್ಯಾಪಾರದ ಒಂದು ಎಡವಟ್ಟಿನಿಂದ. ಮಲೆನಾಡಿನ ಒಂದು ಮನೆ. ಜಗುಲಿಯಲ್ಲಿ ಕೂತಿದ್ದ, ಕಣ್ಣು ಕಾಣದ ಯಜಮಾನರಿಗೆ ಅಂಗಳ ದಾಟಿ ಬರುತ್ತಿದ್ದ ಹವಾಯಿ ಚಪ್ಪಲಿಯ ಸದ್ದು ಕೇಳಿಸಿತು. ಮಗನೇ ಬಂದನೆಂದುಕೊಂಡು, "ರಾಶಿ ಇಡಿ ಅಡಿಕೆ ಇನ್ನು ಇಟ್ಟುಕೊಳ್ಳೋದು ಬೇಡ ಮಾರಾಯ, ಅವ ಎಷ್ಟು ಹೇಳ್ತಾನೋ ಅಷ್ಟಕ್ಕೇ ಕೊಟ್ಟುಬಿಡು" ಅಂದರು. ಬಂದಿದ್ದು ಮಗನಲ್ಲ, ಆ 'ಅವ'ನೇ. ವ್ಯಾಪಾರಿ ಅರೆಗಳಿಗೆ ಸುಮ್ಮನೆ ನಿಂತು, ಒಮ್ಮೆ ಕೆಮ್ಮಿ, ನಮಸ್ಕಾರ ಹೇಳಿದ. ಆಮೇಲೆ ನಡೆದ ಚೌಕಾಸಿಯಲ್ಲಿ ಮನೆಯವರ ಕೈ ಮೇಲಾಗಲು ಸಾಧ್ಯವೇ ಇರಲಿಲ್ಲ.

ಗುರುತು ಸಿಗಬಾರದೆಂದು ಊರು, ಹೆಸರುಗಳನ್ನು ಇಲ್ಲಿ ಬಿಟ್ಟಿದೆ, ಮನೆಮಂದಿಯ ಒಂದೆರಡು ವಿವರಗಳನ್ನೂ ಬದಲಿಸಿದೆ.

ಮನೆ, ಮಂದಿ, ನೆಲ

ಯಜಮಾನರಿಗೆ ಅರವತ್ತು ದಾಟಿತ್ತು. ಗ್ಲಾಕೋಮಾದಿಂದ ದೃಷ್ಟಿ ಹೋಗಿತ್ತು. ಈ ಕಾಯಿಲೆಯಲ್ಲಿ ದೃಷ್ಟಿನರ ಸವೆಯುತ್ತಾ ಹೋಗುತ್ತದೆ. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಎದುರಿನದು ಕಾಣುತ್ತಲೇ ಇರುವುದರಿಂದ ಬಹಳ ಮಂದಿಗೆ ತಡವಾಗಿ ತಿಳಿಯುತ್ತದೆ, ಹೋದದ್ದು ಮರಳುವುದಿಲ್ಲ. ಇವರಿಗೂ ಹಾಗೇ ಆಗಿ, ಕೊನೆಗೆ ಬೆಳಕು ಕತ್ತಲೆಯ ಅರಿವಷ್ಟೇ ಉಳಿದಿತ್ತು. ಬಿಳಿ ಕೋಲು ಹಿಡಿದು ಕೊಟ್ಟಿಗೆಯವರೆಗೆ ಹೋಗಿ ಬರುವುದನ್ನು ಆಗಲೇ ಕಲಿತಿದ್ದರು.

ಮನೆಯಲ್ಲಿ ಹೆಂಡತಿ, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ, ಕೋಲೂರಿ ನಡೆಯುವ ತಾಯಿ. ಹೊರಗಿನವನಾದರೂ ದಿನಾ ಬರುವ ತೋಟದ ಆಳು ಒಬ್ಬ. ದಣಪೆಯಿಂದ, ಎಂದರೆ ಅಂಗಳಕ್ಕೆ ಬರುವ ಬೇಲಿಬಾಗಿಲಿನಿಂದ, ಜಗುಲಿಯವರೆಗೆ ಸುಮಾರು 15 ಮೀಟರ್ ಮಣ್ಣಿನ ಅಂಗಳ, ನಂತರ ಎರಡು ಕಲ್ಲಿನ ಮೆಟ್ಟಿಲು. ಜಗುಲಿಗೂ ನಡುಮನೆಗೂ ರೆಡ್ ಆಕ್ಸೈಡ್ ನೆಲ, ಅಡುಗೆಮನೆಗೆ ಈಚೆಗೆ ಹಾಕಿಸಿದ ಟೈಲ್ಸ್, ಮೆತ್ತಿಗೆ ಮರದ ಮೆಟ್ಟಿಲು.

ವ್ಯಾಪಾರದ ನಷ್ಟಕ್ಕಿಂತ ಯಜಮಾನರನ್ನು ಹೆಚ್ಚು ಚುಚ್ಚಿದ್ದು ಬೇರೆಯೇ. ಬಂದ ನೆಂಟರು ಎದುರು ನಿಂತು, ದನಿ ಬದಲಿಸಿ, "ನಾನ್ಯಾರು ಹೇಳಿ ನೋಡುವ" ಎನ್ನುತ್ತಿದ್ದರು. ಕಾಣದವರಿಗೆ ಇದು ಪ್ರತಿ ಸಲವೂ ಪರೀಕ್ಷೆ. ಅವರ ಬೇಡಿಕೆ ಸರಳವಾಗಿತ್ತು: ಜಗುಲಿ ಹತ್ತುವ ಮೊದಲೇ ಬರುತ್ತಿರುವವರು ಯಾರೆಂದು ತಿಳಿಯಬೇಕು.

ಮೊದಲು ಕಿವಿ

ಕಣ್ಣು ಹೋದವರಿಗೆ ಕಿವಿ ತಾನಾಗಿಯೇ ಚುರುಕಾಗುತ್ತದೆ ಎಂಬ ಮಾತನ್ನು ಮನೆಯವರೂ ನಂಬಿದ್ದರು. ಹುಟ್ಟಿನಿಂದ ಅಥವಾ ಎಳವೆಯಲ್ಲೇ ದೃಷ್ಟಿ ಇಲ್ಲದವರಲ್ಲಿ ಸದ್ದಿನ ದಿಕ್ಕು ಹಿಡಿಯುವಂಥ ಕೆಲವು ಶಕ್ತಿಗಳು ಹೆಚ್ಚಿರುವುದುಂಟು. ಅರವತ್ತರ ಆಸುಪಾಸಿನಲ್ಲಿ ಕಣ್ಣು ಕಳೆದುಕೊಂಡವರಿಗೆ ಹಾಗಲ್ಲ. ಅವರ ಕಿವಿಗೂ ಅರವತ್ತೇ ಆಗಿರುತ್ತದೆ. ಆದ್ದರಿಂದ ಅಭ್ಯಾಸಕ್ಕೆ ಮುಂಚೆ ಶ್ರವಣ ಪರೀಕ್ಷೆ ಮಾಡಿಸಲಾಯಿತು.

ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ತೆಗೆಸಿದರು. ಆಮೇಲಿನ ಪರೀಕ್ಷೆಯಲ್ಲಿ 4000 ಹರ್ಟ್ಸ್‌ನಿಂದ ಮೇಲಿನ ಸ್ವರಗಳು ಎರಡೂ ಕಿವಿಗೆ ಮಸುಕೆಂದೂ ಬಲಗಿವಿಗೆ ಇನ್ನೂ ಮಸುಕೆಂದೂ ಗೊತ್ತಾಯಿತು. ವಯಸ್ಸಾದವರಲ್ಲಿ ಇದು ಮಾಮೂಲು. ಆದರೆ ಇಡೀ ಯೋಜನೆಯನ್ನು ತೀರ್ಮಾನಿಸಿದ್ದು ಈ ಒಂದು ಕಾಗದ. ಸೀರೆಯ ಸರಪರ, ಅಟ್ಟೆ ನೆಲಕ್ಕೆ ಉಜ್ಜುವ ಸದ್ದು, ಕಾಲುಂಗುರದ ಟಿಕ್ ಎಲ್ಲವೂ ಎತ್ತರದ ಸ್ವರಗಳಲ್ಲೇ ಹೆಚ್ಚು. ಅವು ಇವರಿಗೆ ಸರಿಯಾಗಿ ಸಿಗವು. ಹಿಮ್ಮಡಿ ಊರುವ ದಪ್ಪ ಸದ್ದು, ಹೆಜ್ಜೆ ಹೆಜ್ಜೆಯ ನಡುವಿನ ಬಿಡುವು ಸಿಗುತ್ತವೆ. ಸದ್ದಿನ ಬಣ್ಣ ಬಿಟ್ಟು ಲಯ ಹಿಡಿಯಬೇಕು ಎಂದಾಯಿತು. ಕುರ್ಚಿಯನ್ನೂ ತಿರುಗಿಸಿ, ಎಡಗಿವಿ ಅಂಗಳದ ಕಡೆಗೆ ಬರುವ ಹಾಗೆ, ಬೆನ್ನು ಗೋಡೆಗೆ ತಾಗುವ ಹಾಗೆ ಹಾಕಿದರು. ಹಿಂದೆ ಗೋಡೆಯಿದ್ದರೆ ಸದ್ದು ಮುಂದಿನಿಂದ ಬಂತೋ ಹಿಂದಿನಿಂದಲೋ ಎಂಬ ಗೊಂದಲ ಇರದು.

ಗೆಜ್ಜೆ ಕಟ್ಟಿದ ತಿಂಗಳು

ಕಾಗದ ಹಾಗೆ ಹೇಳಿದರೂ ಮನೆಯವರಿಗೆ ಹೊಳೆದ ದಾರಿ ಎಲ್ಲರಿಗೂ ಹೊಳೆಯುವಂಥದ್ದು: ಒಬ್ಬೊಬ್ಬರಿಗೆ ಒಂದೊಂದು ಸದ್ದು ಅಂಟಿಸುವುದು. ಸೊಸೆಗೆ ಗೆಜ್ಜೆ, ಮೊಮ್ಮಗನ ಚೀಲಕ್ಕೆ ದನದ ಕೊರಳಿನ ಸಣ್ಣ ಗಂಟೆ, ಮಗನಿಗೆ ಗಟ್ಟಿ ಅಟ್ಟೆಯ ಹೊಸ ಚಪ್ಪಲಿ. ಒಂದು ವಾರ ಎಲ್ಲವೂ ಸರಿಯಾಗಿತ್ತು.

ಆಮೇಲೆ ಒಂದೊಂದಾಗಿ ಕೈಕೊಟ್ಟಿತು. ಮೊಮ್ಮಗ ಚೀಲ ಬಿಸಾಕಿ ಆಡಲು ಹೋದ, ಗಂಟೆ ಚೀಲದಲ್ಲೇ ಉಳಿಯಿತು. ಸೊಸೆ ಬಿಚ್ಚಿಟ್ಟ ಗೆಜ್ಜೆಯನ್ನು ರಜಕ್ಕೆ ಬಂದ ನೆಂಟರ ಹುಡುಗಿ ಕಟ್ಟಿಕೊಂಡು ಇಡೀ ದಿನ ಓಡಾಡಿದಳು. ಅವಳನ್ನು ಸೊಸೆಯೆಂದುಕೊಂಡು ಯಜಮಾನರು ಮೂರು ಸಲ ನೀರು ಕೇಳಿದ್ದಾರೆ. ಚಪ್ಪಲಿಯಂತೂ ಮನೆಯೊಳಗೆ ಬರುವುದೇ ಇಲ್ಲ, ಒಳಗೆ ಎಲ್ಲರೂ ಬರಿಗಾಲು. ಅಂಗಳಕ್ಕಿಳಿಯುವಾಗ ಮೆಟ್ಟಿಲ ಬಳಿ ಕಾಲಿಗೆ ಸಿಕ್ಕಿದ್ದೇ ನಮ್ಮದು ಎಂಬುದು ನಮ್ಮ ಕಡೆಯ ಮನೆಗಳ ಅಲಿಖಿತ ಕಾನೂನು. ಅಂಟಿಸಿದ ಸದ್ದು ಹೇಳುವುದು ವಸ್ತು ಎಲ್ಲಿದೆ ಎಂದು, ಅದನ್ನು ತೊಟ್ಟವರು ಯಾರೆಂದಲ್ಲ. ವ್ಯಾಪಾರಿಯ ವಿಷಯದಲ್ಲಿ ಆಗಿದ್ದೂ ಇದೇ ತಾನೇ? ಹವಾಯಿ ಚಪ್ಪಲಿ ಎಂದರೆ ಮಗ ಎಂಬ ಲೆಕ್ಕ.

ಚೀಟಿ ಎತ್ತಿ ನಡೆದ ಪರೀಕ್ಷೆ

ಎರಡನೆಯ ಸುತ್ತಿನಲ್ಲಿ ಕ್ರಮ ಬಂತು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಮೊದಲ ಮೂರು ದಿನ ಇಬ್ಬರೇ ನಡೆಯುವವರು, ಒಬ್ಬರಿಗೊಬ್ಬರು ಸ್ವಲ್ಪವೂ ಹೋಲದವರು: ಹೆಂಡತಿ ಮತ್ತು ಮೊಮ್ಮಗ. ಆಮೇಲೆ ಮೂರು ದಿನಕ್ಕೊಬ್ಬರಂತೆ ಸೇರ್ಪಡೆ. ತಾಯಿಯನ್ನು ಇದರಿಂದ ಬಿಟ್ಟರು, ಕೋಲಿನ ಸದ್ದಿನಿಂದ ಅವರ ಗುರುತು ಮೊದಲೇ ಸಿಗುತ್ತಿತ್ತು. ಆಳನ್ನು ಸೇರಿಸಿದ ಮೇಲೆ ನಡೆಯುವವರು ಐವರಾದರು. ಯಾರ ಸರದಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ನಮ್ಮಷ್ಟಕ್ಕೆ ಬಿಟ್ಟರೆ ಒಬ್ಬರಾದ ಮೇಲೆ ಒಬ್ಬರಂತೆ ಸರದಿ ಬಿದ್ದು, ಕೇಳುವವರು ಹೆಜ್ಜೆಯ ಬದಲು ಸರದಿಯನ್ನೇ ಊಹಿಸುತ್ತಾರೆ. ನಡೆಯುವವರು ಕೆಮ್ಮಬಾರದು, ಕೀಲಿಕೈ ಕುಲುಕಬಾರದು, ತಲೆಗೆ ಮಲ್ಲಿಗೆ ಮುಡಿದಿರಬಾರದು, ಏಕೆಂದರೆ ಮೂಗು ಕಿವಿಗಿಂತ ಮೊದಲು ಉತ್ತರ ಹೇಳಿಬಿಡುತ್ತದೆ. ಊಹೆ ಹೇಳಿದ ತಕ್ಷಣ ನಡೆದವರು ಬಾಯಿ ಬಿಟ್ಟು ಹೆಸರು ಹೇಳಬೇಕು. ಸರಿಯೋ ತಪ್ಪೋ ಆಗಲೇ ತಿಳಿಯದಿದ್ದರೆ ಕಿವಿ ಏನನ್ನೂ ಕಲಿಯದು.

ಐವರಲ್ಲಿ ಒಬ್ಬರನ್ನು ಕಣ್ಣುಮುಚ್ಚಿ ಹೇಳಿದರೂ ಇಪ್ಪತ್ತಕ್ಕೆ ನಾಲ್ಕು ಸರಿ ಬೀಳುತ್ತದೆ. ಇವರಿಗೆ ಬೀಳುತ್ತಿದ್ದುದು ಏಳು, ಎಂಟು. ಎರಡು ವಾರ ಅಲ್ಲೇ ನಿಂತಿತು. ಯಜಮಾನರು ಬೇಸತ್ತು, "ನಂಗೆ ಇದು ಹತ್ತೋದಲ್ಲ" ಅಂದರು.

ಇದಕ್ಕೆ ಎರಡು ಕಾರಣ ಇದ್ದವು. ಎರಡೂ ಅಭ್ಯಾಸದ ಹೊರಗೆ ಗೊತ್ತಾದವು.

ಒಂದು, ಕರೆಂಟು. ಬೇಸಿಗೆಯ ಒಂದು ಸಂಜೆ ಅಭ್ಯಾಸದ ನಡುವೆ ಕರೆಂಟು ಹೋಯಿತು. ಜಗುಲಿಯ ಫ್ಯಾನು ನಿಂತಿತು, ನಡುಮನೆಯ ಟಿವಿ ಬಾಯಿ ಮುಚ್ಚಿತು. ಉಳಿದ ಚೀಟಿಗಳನ್ನು ಕತ್ತಲಲ್ಲೇ ಮುಗಿಸಿದರು. ಆ ಎಂಟು ನಡಿಗೆಗಳಲ್ಲಿ ತಪ್ಪಿದ್ದು ಒಂದೇ. ಫ್ಯಾನಿನ ಸದ್ದು ಕಾಣುವವರ ಗಮನಕ್ಕೇ ಬರದು. ಕಿವಿಗಾದರೋ ಅದು ಬಿಡುವಿಲ್ಲದ ಗಾಳಿಯ ಹೊದಿಕೆ, ಬರಿಗಾಲಿನ ಮೆತ್ತನೆ ಹೆಜ್ಜೆ ಅದರಡಿ ಮುಚ್ಚಿಹೋಗುತ್ತದೆ. ಆವತ್ತಿನಿಂದ ಸೀಲಿಂಗ್ ಫ್ಯಾನಿನ ಬದಲು ಅಂಗಳದ ಕಡೆಗಿಲ್ಲದ ಮೂಲೆಯಲ್ಲಿ ಟೇಬಲ್ ಫ್ಯಾನು ಇಟ್ಟು, ಅದನ್ನೂ ಎರಡನೇ ಸ್ಪೀಡಿಗೆ ಇಳಿಸಿದರು.

ಇನ್ನೊಂದನ್ನು ಕಂಡುಹಿಡಿದವರು ಹೆಂಡತಿ. ಪರೀಕ್ಷೆ ಎಂದಕೂಡಲೆ ಎಲ್ಲರೂ ನಡೆಯುವ ಬದಲು ನಾಟಕ ಮಾಡುತ್ತಿದ್ದರು. ಮೊಮ್ಮಗ ಬೇಕೆಂದೇ ದಬದಬ ತುಳಿಯುತ್ತಿದ್ದ, ಸೊಸೆ ಮಾವನ ಮುಂದೆ ಇನ್ನಷ್ಟು ಮೆಲ್ಲಗೆ ನಡೆಯುತ್ತಿದ್ದಳು. ಯಜಮಾನರು ಕಲಿಯುತ್ತಿದ್ದುದು ದಿನನಿತ್ಯ ಎಲ್ಲೂ ಇಲ್ಲದ ನಡಿಗೆಗಳನ್ನು. ಆದ್ದರಿಂದ ಚೀಟಿ ಪರೀಕ್ಷೆಯನ್ನು ವಾರಕ್ಕೊಮ್ಮೆಗೆ ಇಳಿಸಿ, ಉಳಿದ ದಿನ ಯಾರಿಗೂ ಹೇಳದೆ ಲೆಕ್ಕ ಇಡುವ ಕ್ರಮ ಬಂತು. ಯಾರೇ ಬಂದರೂ ಯಜಮಾನರು ಬಂದವರ ಹೆಸರು ಹಿಡಿದು ಕರೆಯುತ್ತಾರೆ. ಸರಿಯಾದರೆ ಹೆಂಡತಿ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಒಂದು ಗೀಟು, ತಪ್ಪಿದರೆ ಕರೆದ ಹೆಸರಿನ ಮೊದಲಕ್ಷರ ಮತ್ತು ಬಂದವರ ಮೊದಲಕ್ಷರ. ಎಷ್ಟು ತಪ್ಪಿತು ಎಂಬುದಕ್ಕಿಂತ ಯಾರನ್ನು ಯಾರೆಂದುಕೊಂಡರು ಎಂಬುದೇ ಉಪಯೋಗಕ್ಕೆ ಬರುವ ಮಾಹಿತಿ. ತಿಂಗಳ ಕೊನೆಗೆ ಕ್ಯಾಲೆಂಡರು ನೋಡಿದರೆ ತಪ್ಪುಗಳಲ್ಲಿ ಮುಕ್ಕಾಲು ಪಾಲು ಒಂದೇ ಜೋಡಿಯದು: ಮಗ ಮತ್ತು ಆಳು.

ಹೆಜ್ಜೆಯ ಒಳಗೆ ಏನಿದೆ

ಒಂದು ಹೆಜ್ಜೆ ಎಂದರೆ ಒಂದೇ ಸದ್ದಲ್ಲ. ಹಿಮ್ಮಡಿ ಊರುವ ಗಟ್ಟಿ ಸದ್ದು ಮೊದಲು, ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ತಡೆದು ಮುಂಗಾಲು ನೆಲಕ್ಕೆ ಒರಗುವ ಮೆತ್ತನೆ ಸದ್ದು. ಬೆವೆತ ಬರಿಗಾಲು ನುಣುಪಾದ ರೆಡ್ ಆಕ್ಸೈಡ್ ಮೇಲಿದ್ದರೆ ಮೂರನೆಯದೂ ಉಂಟು, ಅಂಗಾಲು ನೆಲ ಬಿಡುವ 'ಪಚ್'. ಹವಾಯಿ ಚಪ್ಪಲಿಯದು ಬೇರೆ ಕತೆ. ಅದು ಹೆಬ್ಬೆರಳ ಸಂದಿಯಲ್ಲಿ ಮಾತ್ರ ಹಿಡಿದುಕೊಂಡಿರುವುದರಿಂದ ಕಾಲೆತ್ತಿದಾಗ ಹಿಂಬದಿ ಜೋತುಬಿದ್ದು, ಮರಳಿ ಹಿಮ್ಮಡಿಗೆ ಹೊಡೆಯುತ್ತದೆ. ನೆಲಕ್ಕೊಂದು ಏಟು, ಹಿಮ್ಮಡಿಗೊಂದು ಏಟು. ಇವೆರಡರ ನಡುವಿನ ಅಂತರ ನಡಿಗೆಯ ವೇಗಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ.

ಇದನ್ನೆಲ್ಲ ಯಜಮಾನರಿಗೆ ಪಾಠ ಮಾಡಲಿಲ್ಲ. ಪ್ರತಿಯೊಬ್ಬರ ನಡಿಗೆಗೂ ಅವರೇ ಬಾಯಲ್ಲಿ ಒಂದು ಬೋಲು, ಎಂದರೆ ತಾಳದ ನುಡಿ, ಕಟ್ಟಬೇಕು ಎಂದಷ್ಟೇ ಹೇಳಲಾಯಿತು. ಯಕ್ಷಗಾನ ನೋಡಿ ಬೆಳೆದವರು, ಕಷ್ಟವಾಗಲಿಲ್ಲ. ಹೆಂಡತಿಯದು 'ತಕ-ತಾ... ತಕ-ತಾ'. ಬಲ ಮಂಡಿ ನೋವು ಅವರಿಗೆ. ನೋವಿನ ಕಾಲ ಮೇಲೆ ಭಾರ ಹೆಚ್ಚು ಹೊತ್ತು ನಿಲ್ಲದು, ಹಾಗಾಗಿ ಬಲಗಾಲು ಊರಿದ್ದೇ ತಡ ಎಡಗಾಲು ಬೀಳುತ್ತದೆ, ಆಮೇಲೆ ಬಿಡುವು. ಸಮವಿಲ್ಲದ ಲಯ ಎಲ್ಲಕ್ಕಿಂತ ಬೇಗ ಗುರುತು ಸಿಗುತ್ತದೆ, ಚಪ್ಪಲಿ ಬದಲಾದರೂ ನೆಲ ಬದಲಾದರೂ ಅದು ಹೆಚ್ಚು ಬದಲಾಗದು. ತಾಯಿಯದು ಕೋಲು ಸೇರಿ ಮೂರು ಏಟು. ಸೊಸೆಯದು ಚಿಕ್ಕ, ಒತ್ತೊತ್ತಾದ ಹೆಜ್ಜೆ. ಆದರೆ ಕೊಡ ಹೊತ್ತಾಗ ಅವಳ ಲಯ ನಿಧಾನವಾಗಿ ಅತ್ತೆಯದಕ್ಕೆ ಹತ್ತಿರ ಬರುತ್ತಿತ್ತು. ಮೊಮ್ಮಗನಿಗೆ ಬೋಲೇ ಇಲ್ಲ. ಬೋಲಿಲ್ಲದ್ದೇ ಮೊಮ್ಮಗ.

ಮಗನೂ ಆಳೂ ಒಂದೇ ಎತ್ತರ, ಹೆಚ್ಚುಕಡಿಮೆ ಒಂದೇ ವೇಗ, ಇಬ್ಬರಿಗೂ ಹವಾಯಿ ಚಪ್ಪಲಿ. ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 100ರಿಂದ 120 ಹೆಜ್ಜೆ ಇಡುತ್ತಾರೆ. ಇಬ್ಬರು ಆರೋಗ್ಯವಂತ ಗಂಡಸರು ಆ ಕಿರಿದಾದ ಅಂತರದಲ್ಲಿ ಒಂದೇ ಕಡೆ ಬಿದ್ದರೆ ನಡಿಗೆಯಿಂದ ಬೇರ್ಪಡಿಸುವುದು ತರಬೇತಿ ಪಡೆದ ಕಿವಿಗೂ ಕಷ್ಟ. ಹೆಜ್ಜೆಯಲ್ಲೇ ವ್ಯತ್ಯಾಸ ಹುಡುಕುವ ಹಟ ಬಿಟ್ಟಾಗ ಉತ್ತರ ಮೆಟ್ಟಿಲ ಬುಡದಲ್ಲಿ ಸಿಕ್ಕಿತು. ಆಳು ನಲ್ಲಿಯ ಹತ್ತಿರ ನಿಂತು ಕಾಲಿಗೆ ನೀರು ಹಾಕಿಕೊಂಡೇ ಮೇಲೆ ಬರುತ್ತಾನೆ. ಮಗ ನಿಲ್ಲುವುದಿಲ್ಲ. ನಡೆಯುತ್ತಲೇ ಎಡ ಚಪ್ಪಲಿ ಕಳಚಿ ಒದೆಯುತ್ತಾನೆ, 'ಪಟ್'. ಒಂದು ಹೆಜ್ಜೆ. ಬಲ ಚಪ್ಪಲಿ, 'ಪಟ್'. ಚಪ್ಪಲಿಗಳನ್ನು ಜೋಡಿಸಿಡು ಎಂದು ಮೂವತ್ತು ವರ್ಷ ಬೈಸಿಕೊಂಡವನಿಗೆ ಇನ್ನು ಹಾಗೇ ಇರು ಎಂದು ಅಪ್ಪನಿಂದಲೇ ಅಪ್ಪಣೆಯಾಯಿತು.

ಜಲ್ಲಿಯ ಪಟ್ಟಿ, ರಬ್ಬರ್ ಚಾಪೆ

ಮಣ್ಣಿನ ಅಂಗಳ ಹೆಜ್ಜೆ ನುಂಗುತ್ತದೆ. ಮೆಟ್ಟಿಲ ಬುಡದಲ್ಲಿ ಸದ್ದು ಸಿಕ್ಕರೆ ಯೋಚಿಸಲು ಉಳಿಯುವುದು ಎರಡು ಮೂರು ಸೆಕೆಂಡು. ದಣಪೆ ದಾಟಿದ ಕೂಡಲೆ ಒಂದು ಜಲ್ಲಿ ಪಟ್ಟಿ ಹಾಸಿದರು: 10 ಅಡಿ ಉದ್ದ, 4 ಅಡಿ ಅಗಲ, 2 ಇಂಚು ದಪ್ಪ, 12 ಮಿಲಿಮೀಟರ್ ಜಲ್ಲಿ, ಒಟ್ಟು ಏಳು ಘನ ಅಡಿಯಷ್ಟು. ಅಂಚಿಗೆ ಜಂಬಿಟ್ಟಿಗೆ ಕಲ್ಲು ಹೂಳಬೇಕು, ಇಲ್ಲದಿದ್ದರೆ ತಿಂಗಳೊಳಗೆ ಜಲ್ಲಿ ಅಂಗಳವಿಡೀ ಚದುರುತ್ತದೆ. ಅಡಿಗೆ ಗಟ್ಟಿಯಾಗಿ ದಮ್ಮಸು ಹೊಡೆಯಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಕೆಸರಿನಲ್ಲಿ ಮುಳುಗುತ್ತದೆ. ಮೊದಲ ಸಲ ಇವರು ದಮ್ಮಸು ಹೊಡೆಯದೆ ಎರಡು ಬುಟ್ಟಿ ಜಲ್ಲಿ ಕಳೆದುಕೊಂಡರು. ಕೋಲೂರುವ ತಾಯಿಗೆ ಜಲ್ಲಿ ಜಾರುವುದರಿಂದ ಪಕ್ಕದಲ್ಲಿ 2 ಅಡಿಯ ಕಲ್ಲುಹಾಸು ಬಿಟ್ಟರು.

ಜಲ್ಲಿ ಯಾರು ಬಂದರೆಂದು ಹೇಳುವುದಿಲ್ಲ, ಯಾರೋ ಬಂದರೆಂದು ಹೇಳುತ್ತದೆ. ಅಲ್ಲಿಂದ ಜಗುಲಿಯವರೆಗೆ ಹೆಜ್ಜೆ ಎಣಿಸಬಹುದು. 70 ಸೆಂಟಿಮೀಟರ್ ಹೆಜ್ಜೆಯ ಮಗನಿಗೆ ಇಡೀ ಅಂಗಳ ಇಪ್ಪತ್ತೊಂದು ಇಪ್ಪತ್ತೆರಡು ಹೆಜ್ಜೆ, 55 ಸೆಂಟಿಮೀಟರ್ ಹೆಜ್ಜೆಯ ಹೆಂಡತಿಗೆ ಇಪ್ಪತ್ತೇಳು.

ಮನೆಯೊಳಗೆ ಇದಕ್ಕೆ ತಿರುಗುಮುರುಗಾದ ಕೆಲಸ ನಡೆದಿತ್ತು. ಯಜಮಾನರು ಒಮ್ಮೆ ಜಾರಿದ ಮೇಲೆ ಬಚ್ಚಲಿನಿಂದ ನಡುಮನೆಯವರೆಗೆ ರಬ್ಬರ್ ಚಾಪೆ ಹಾಸಿ, ಅವರಿಗೆ ಮೆತ್ತನೆ ಅಟ್ಟೆಯ ಚಪ್ಪಲಿ ಕೊಡಿಸಿದ್ದರು. ಬಚ್ಚಲಿನ ಎದುರಿನ ಚಾಪೆಯನ್ನು ಉಳಿಸಿಕೊಂಡರು, ಬೀಳುವುದಕ್ಕಿಂತ ಹೆಸರು ತಪ್ಪುವುದು ವಾಸಿ. ನಡುಮನೆಯದನ್ನು ಸುತ್ತಿಟ್ಟರು. ಮೆತ್ತನೆ ಚಪ್ಪಲಿಗೆ ಇನ್ನೊಂದು ತೊಂದರೆ ಇತ್ತು. 1944ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಂಧರನ್ನೂ ಕಣ್ಣಿಗೆ ಬಟ್ಟೆ ಕಟ್ಟಿದವರನ್ನೂ ಗೋಡೆಯ ಕಡೆಗೆ ನಡೆಸಿ ನೋಡಿದ ಪ್ರಯೋಗಗಳಲ್ಲಿ, ಎದುರಿಗೆ ಗೋಡೆಯಿದೆ ಎಂಬ ಅರಿವು ಬರುವುದು ಚರ್ಮದಿಂದಲ್ಲ, ಕಿವಿಯಿಂದ ಎಂದು ತಿಳಿಯಿತು. ಕಿವಿ ಮುಚ್ಚಿದಾಗ ಆ ಅರಿವು ಹೋಯಿತು, ಜಮಖಾನದ ಮೇಲೆ ಕಾಲುಚೀಲದಲ್ಲಿ ನಡೆಸಿದಾಗಲೂ ಕುಗ್ಗಿತು. ತನ್ನ ಹೆಜ್ಜೆಯ ಮರುದನಿಯೂ ದಾರಿ ತೋರಿಸುತ್ತದೆ. ಯಜಮಾನರು ಒಳಗೆ ಬರಿಗಾಲಿಗೆ, ಹೊರಗೆ ಗಟ್ಟಿ ಅಟ್ಟೆಗೆ ಮರಳಿದರು.

ಜೂನ್

ಮೇ ಕೊನೆಯ ಹೊತ್ತಿಗೆ ಕ್ಯಾಲೆಂಡರಿನ ಚೌಕಗಳಲ್ಲಿ ಗೀಟುಗಳೇ ತುಂಬಿದ್ದವು. ಮಳೆ ಹಿಡಿದ ವಾರ ಎಲ್ಲವೂ ನೆಲಕಚ್ಚಿತು. ಹಂಚಿನ ಮೇಲೆ ಬೀಳುವ ಮಳೆ ನೂರು ಫ್ಯಾನಿಗೆ ಸಮ. ಜಲ್ಲಿ ನೀರಿನಡಿ ಸೇರಿತು, ಮಗ ಗಂಬೂಟಿಗೆ ಬದಲಾದ. ಹೆಜ್ಜೆ ಹಿಡಿಯಲು ಕಲಿತದ್ದೇ ಈಗ ಅಪಾಯವಾಯಿತು: ಅರೆಬರೆ ಕೇಳಿದ ಸದ್ದಿಗೂ ಯಜಮಾನರು ಧೈರ್ಯವಾಗಿ ಹೆಸರು ಕೂಗುತ್ತಿದ್ದರು. ಒಂದೇ ವಾರದಲ್ಲಿ ಗ್ಯಾಸಿನ ಹುಡುಗನನ್ನು ಮಗನೆಂದೂ ಪಕ್ಕದ ಮನೆಯವರನ್ನು ಸೊಸೆಯೆಂದೂ ಕರೆದದ್ದಾಯಿತು. ಬಂದವರು ಹೊರಗಿನವರೇ ಇರಬಹುದು ಎಂಬ ಆಯ್ಕೆಯನ್ನು ಚೀಟಿ ಪರೀಕ್ಷೆಯಲ್ಲಿ ಎಂದೂ ಸೇರಿಸಿರಲಿಲ್ಲ. ಪರಿಚಿತ ಐವರಲ್ಲಿ ಒಬ್ಬರನ್ನು ಆರಿಸಲು ಕಲಿತ ಕಿವಿ ಆರನೆಯವನನ್ನೂ ಆ ಐವರೊಳಗೇ ತುರುಕುತ್ತದೆ. ತರಬೇತಿಯ ನಿಜವಾದ ತಪ್ಪು ಇದು. ಮೊದಲ ದಿನದಿಂದಲೇ ಪ್ರತಿ ಐದಾರು ನಡಿಗೆಗೆ ಒಮ್ಮೆ ಅಪರಿಚಿತರೊಬ್ಬರನ್ನು ನಡೆಸಿ, 'ಗೊತ್ತಿಲ್ಲ' ಎಂಬುದನ್ನೂ ಸರಿಯುತ್ತರವೆಂದು ಎಣಿಸಬೇಕಿತ್ತು.

ಆಗ ಎರಡು ತೀರ್ಮಾನಗಳಾದವು. ಹೆಜ್ಜೆಯಿಂದ ಸಿಕ್ಕಿದ ಹೆಸರನ್ನು ಯಜಮಾನರು ಮನಸ್ಸಿನಲ್ಲೇ ಇಟ್ಟುಕೊಳ್ಳುವುದು, ದನಿ ಕೇಳುವ ತನಕ ಕೂಗದಿರುವುದು. ಮನೆಯವರು ಹೊಸ್ತಿಲು ದಾಟುವಾಗ ಹೆಸರು ಹೇಳುವುದು. 'ನಾನು' ಎಂದರೆ ಸಾಲದು, ಹೆಸರೇ ಹೇಳಬೇಕು. ಈ ಎರಡನೆಯದು ರೂಢಿಯಾಗಲು ಮಳೆಗಾಲವೆಲ್ಲ ಹಿಡಿಯಿತು. ಹೆಚ್ಚು ಮರೆಯುತ್ತಿದ್ದವನು ಮಗ, ಒಮ್ಮೆಯೂ ಮರೆಯದವನು ಮೊಮ್ಮಗ. ಅವನು ಬಚ್ಚಲಿಗೆ ಹೋಗುವಾಗಲೂ ಹೆಸರು ಕೂಗಿಯೇ ಹೋಗುತ್ತಿದ್ದ. ನಾಯಿಯ ಬೊಗಳುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಜಲ್ಲಿ ಸದ್ದಾಗಿಯೂ ನಾಯಿ ಸುಮ್ಮನಿದ್ದರೆ ಬಂದವರು ಮನೆಯವರು ಅಥವಾ ಆಳು.

ಮಳೆ ಬಿಟ್ಟ ಮೇಲೆ ಕಿವಿಯ ಲೆಕ್ಕ ಹತ್ತು ದಿನದಲ್ಲಿ ಮರಳಿತು. ಹೊಸ ಕ್ಯಾಲೆಂಡರಿನಲ್ಲಿ ಗೀಟು ಮತ್ತು ತಪ್ಪುಗಳ ಜೊತೆ ಮೂರನೆಯ ಗುರುತು ಬಂತು, ಒಂದು ಸೊನ್ನೆ. ಯಜಮಾನರು ಗೊತ್ತಾಗಲಿಲ್ಲ ಎಂದು ಸುಮ್ಮನಿದ್ದ ಸಲಗಳಿಗೆ ಅದು. ಸೊನ್ನೆ ಹೆಚ್ಚಾದಷ್ಟೂ ತಪ್ಪು ಕಡಿಮೆಯಾಗುತ್ತಾ ಬಂತು.

ಮುಂದಿನ ಅಡಿಕೆ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಜಲ್ಲಿ ಸದ್ದಾಯಿತು. ನಾಯಿ ಎರಡು ಸಲ ಬೊಗಳಿತು. ಹವಾಯಿ ಚಪ್ಪಲಿ, ಮಗನದೇ ವೇಗ. ನಲ್ಲಿಯ ಹತ್ತಿರ ನಿಲ್ಲಲಿಲ್ಲ. 'ಪಟ್' ಎಂದು ಚಪ್ಪಲಿ ಒದೆದ ಸದ್ದೂ ಇಲ್ಲ, ಮೆಟ್ಟಿಲ ಬುಡದಲ್ಲಿ ಎರಡನ್ನೂ ನಾಜೂಕಾಗಿ ಬಿಟ್ಟ ಸದ್ದು.

"ಯಾರು?"

"ನಾನೇ."

"ನಾನೇ ಅಂದ್ರೆ ಯಾರು? ಹೆಸರು ಹೇಳು ಮಾರಾಯ."

ವ್ಯಾಪಾರಿ ಹೆಸರು ಹೇಳಿದ. "ಕೂತ್ಕೋ, ಮಗ ತೋಟದಿಂದ ಬರ್ಲಿ" ಎಂದು ಯಜಮಾನರು ಒಳಗೆ ಮಜ್ಜಿಗೆಗೆ ಹೇಳಿದರು.